ಗೋಡೆ ಕೊಟ್ಟ ಅಳಿಯ

ಮೇ 9

ಇವತ್ತು ಬಮ್ಮಿಗಟ್ಟಿಯ ಸಮುದಾಯ ಭವನದಲ್ಲಿ ಮದುವೆ. ಹುಡುಗಿ ಸವಿತಾ, ಹುಡುಗ ತಂಬೂರ ಊರಿನ ಬೀರಲಿಂಗ. ಅಪ್ಪ ನಮ್ಮೂರು ಮಿಶ್ರಿಕೋಟಿಯಿಂದ ಗಾಡಿಯಲ್ಲಿ, ಮದುವೆಯನ್ನು ದೊಡ್ಡದಾಗಿ ತೋರಿಸುವ ಎಲ್‌ಇಡಿ ಗೋಡೆ ತಂದು ವೇದಿಕೆಯ ಪಕ್ಕ ಜೋಡಿಸಿದ. ಎರಡು ಕ್ಯಾಮೆರಾ. ಒಂದು ಮದುಮಕ್ಕಳ ಕಡೆಗೆ, ಇನ್ನೊಂದು ಮಂದಿಯ ಕಡೆಗೆ. ನಾನು ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ. ಎಂದಿನ ಕೆಲಸ.

ತಾಳಿ ಕಟ್ಟುವ ಹೊತ್ತಿಗೆ ಗೋಡೆಯ ಮೇಲೆ ಬೀರಲಿಂಗನ ಮೈ, ಬೀರಲಿಂಗನ ಕೈ, ಕೈಯಲ್ಲಿ ತಾಳಿ. ಮುಖ ಮಾತ್ರ ಬೇರೆಯವನದು. ಮುಂದಿನ ಸಾಲಿನಲ್ಲಿ ಅಕ್ಕಿಕಾಳು ಹಿಡಿದು ಕುಳಿತಿದ್ದ ಅವನ ಗೆಳೆಯ ಮೈಲಾರಿಯದು. ಗೆಳೆಯನೆಂದು ಅವನಿಗೂ ಅದೇ ಬಣ್ಣದ ರುಮಾಲು ಸುತ್ತಿದ್ದರು, ಕುತ್ತಿಗೆಯ ಹತ್ತಿರ ಕೂಡಿದ ಗೆರೆ ಕೂಡ ಕಾಣಲಿಲ್ಲ. ಚಿತ್ರ ಅಲ್ಲಿಗೇ ನಿಂತುಬಿಟ್ಟಿತು. ಯಾವ ಬಟನ್ ಒತ್ತಿದರೂ ಅಲುಗಲಿಲ್ಲ. ಅಕ್ಕಿಕಾಳೆಲ್ಲ ಬಿದ್ದು, ವಾಲಗ ನಿಂತ ಮೇಲೆ ತಾನೇ ಸರಿಹೋಯಿತು.

ಕೆಲವರು ನಕ್ಕರು. ಊಟದ ಹೊತ್ತಿಗೆ ಎಲ್ಲರೂ ಮರೆತರು.

ಮೇ 11

ಮರೆತಿರಲಿಲ್ಲ. ಸವಿತಾಳನ್ನು ಸಾಕಿ ಬೆಳೆಸಿದವರು ಅವಳ ಅಜ್ಜಿ ಫಕೀರವ್ವ. ಮೊನ್ನೆ ಅವರು ಭವನದ ಹಿಂಬಾಗಿಲ ಹತ್ತಿರ ಫ್ಯಾನಿನ ಕೆಳಗೆ ಕುಳಿತಿದ್ದರಂತೆ. ಅಲ್ಲಿಂದ ವೇದಿಕೆ ಅವರ ಕಣ್ಣಿಗೆ ಮಸುಕು. ಮದುವೆಯನ್ನು ಪೂರ್ತಿ ಗೋಡೆಯ ಮೇಲೇ ನೋಡಿದ್ದಾರೆ. ಹಾಗಾಗಿ ಅವರ ಪ್ರಕಾರ ಸವಿತಾಳಿಗೆ ತಾಳಿ ಕಟ್ಟಿದವನು ಮೈಲಾರಿ. ಬೀರಲಿಂಗನ ಸಂಗಡ ಮೊಮ್ಮಗಳನ್ನು ಕಳಿಸುವುದಿಲ್ಲ ಎಂದು ಕುಳಿತಿದ್ದಾರೆ.

ಕರೆ ಬಂತೆಂದು ಅಪ್ಪನೂ ನಾನೂ ಅವರ ಮನೆಗೆ ಹೋದೆವು. ಬೀರಲಿಂಗ ಹೊರಗಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಒಳಗೆ ಮೈಲಾರಿ ಮಣೆಯ ಮೇಲೆ ಕುಳಿತು ಹೋಳಿಗೆ ತಿನ್ನುತ್ತಿದ್ದ.

"ಆಯಿ, ಅದು ಮಶೀನಿನ ತಪ್ಪರಿ," ಎಂದೆ.

"ಅಷ್ಟ ದೊಡ್ಡ ಗ್ವಾಡಿ ತಪ್ಪ ತೋರಸ್ತೈತೇನ? ಊರ ಮಂದೀನ ನೋಡೇತಿ."

"ಫೋಟೋ ನೋಡ್ರಿ. ಫೋಟೋದಾಗ ಬೀರಲಿಂಗ ಅದಾನ."

"ಫೋಟೋದಾಗ ಏನ ಬೇಕಾದ್ರೂ ಮಾಡ್ತಾರ. ನಮ್ಮ ಮಂಜಪ್ಪ ಇಮಾನದ ಮುಂದ ನಿಂತದ್ದು ಪಡಸಾಲ್ಯಾಗ ಹಾಕ್ಯಾನ. ಅಂವ ಹುಬ್ಬಳ್ಳಿ ದಾಟಿಲ್ಲ."

"ಸವಿತಾನ್ನರ ಕೇಳ್ರಿ."

"ಅಕಿ ತಲಿ ತಗ್ಗಿಸಿ ಕುಂತಿದ್ಲು. ಅಕಿಗೇನ ಗೊತ್ತು."

ಬಾಗಿಲಲ್ಲಿ ನಿಂತಿದ್ದ ಸವಿತಾ ಕಟ್ಟೆಯ ಕಡೆ ಕಣ್ಣಲ್ಲೇ ತೋರಿಸಿ, "ನಂಗ ಕೈ ಕಂಡ್ವು ಆಯಿ. ಕೈ ಇವರವ," ಎಂದಳು.

"ಕೈ ಎಲ್ಲಾರ್ವೂ ಒಂದ ಇರ್ತಾವ," ಎಂದರು ಫಕೀರವ್ವ.

ನೀವಾದರೂ ಹೇಳಬಾರದೇ ಎಂದು ಮೈಲಾರಿಯನ್ನು ಕೇಳಿದೆ. "ಹೇಳೀನ್ರಿ ಮೇಡಂ. ಹೇಳಿದಷ್ಟೂ ಹೋಳಗಿ ಬೀಳ್ತಾವ," ಎಂದ. ಈ ಮನುಷ್ಯನಿಗೆ ಗಂಭೀರತೆ ಇಲ್ಲ.

ತಪ್ಪು ನನ್ನದಲ್ಲ, ಕಂಪ್ಯೂಟರಿನೊಳಗಿನ ಡ್ರೈವರ್ ಎಂಬ ಪ್ರೋಗ್ರಾಮಿನದು ಎಂದು ಬಿಡಿಸಿ ಹೇಳಲು ಹೋದೆ. ಫಕೀರವ್ವ ಅಪ್ಪನ ಕಡೆ ತಿರುಗಿ, "ಗಾಡಿ ಹೊಡದಾಂವ ನೀನ ಅಲ್ಲೇನಪಾ ಭರಮಪ್ಪ?" ಎಂದರು. ಅಪ್ಪ ನನ್ನನ್ನು ದುರುಗುಟ್ಟಿ ನೋಡಿದ.

ಕೊನೆಗೆ ಅವರೇ ತೀರ್ಮಾನ ಹೇಳಿದರು. "ಗ್ವಾಡಿ ಸುಳ್ಳ ಹೇಳತೈತಿ ಅಂತಿ. ಹಂಗಾರ ನನ್ನ ಮುಂದ ಇನ್ನೊಮ್ಮಿ ಸುಳ್ಳ ಹೇಳಸು. ಆವಾಗ ಇಕೀನ ಕಳಸ್ತೀನಿ."

ಮೇ 12

ಬರೆದಿಟ್ಟರೆ ನನಗೇ ಸ್ಪಷ್ಟವಾಗುತ್ತದೆ. ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಮುಗಳಿವೆ. ಒಂದು, ಕ್ಯಾಮೆರಾದಿಂದ ಬಂದ ಚಿತ್ರವನ್ನು ಮೆಮೊರಿಯ ಒಂದು ತುಂಡಿನಲ್ಲಿ ಬರೆಯುತ್ತದೆ. ಇನ್ನೊಂದು, ಅದೇ ತುಂಡನ್ನು ಎತ್ತಿ ಗೋಡೆಯ ಮೇಲೆ ತೋರಿಸುತ್ತದೆ. ಇಬ್ಬರಿಗೂ ಸೇರಿದ ಆ ತುಂಡೇ ಬಫರ್. ಬರೆಯುವವನು ಮುಗಿಯಿತು ಎನ್ನುವ ತನಕ ತೋರಿಸುವವನು ಕಾಯಬೇಕು. ಹಾಗೆ ಕಾಯಿಸಲು ಡ್ರೈವರ್ ನಡುವೆ ಒಂದು ಬೇಲಿ ಹಾಕಬೇಕು. ಅವತ್ತು ಹಾಕಲಿಲ್ಲ. ಬಫರಿನಲ್ಲಿ ಎರಡನೇ ಕ್ಯಾಮೆರಾದ ಹಳೆಯ ಚಿತ್ರ, ಅಂದರೆ ಮೈಲಾರಿ, ಇನ್ನೂ ಉಳಿದಿದ್ದ. ಅದರ ಮೇಲೆ ಬೀರಲಿಂಗನನ್ನು ಕೆಳಗಿನಿಂದ ಕುತ್ತಿಗೆಯವರೆಗೆ ಬರೆಯುವಷ್ಟರಲ್ಲೇ ಚಿತ್ರ ಗೋಡೆಗೆ ಹೋಗಿಬಿಟ್ಟಿತು.

ನನ್ನ ಗ್ರಾಫಿಕ್ಸ್ ಕಾರ್ಡು ಬಹಳ ಹಳೆಯದು. ಈಗ ಅದನ್ನು ನಡೆಸುತ್ತಿರುವುದು ದೇಶದೇಶದ ನಾಲ್ಕಾರು ಮಂದಿ ಬಿಡುವಿನಲ್ಲಿ ಬರೆದು, ಯಾರು ಬೇಕಾದರೂ ತಿದ್ದಲಿ ಎಂದು ಬಿಚ್ಚಿಟ್ಟಿರುವ ಡ್ರೈವರ್. ನಾನೂ ಅದರಲ್ಲಿ ಸಣ್ಣಪುಟ್ಟದ್ದು ತಿದ್ದಿದ್ದೇನೆ. ಅದರ ಉಸ್ತುವಾರಿ ಮರಿಕೆ ಎಂಬ ಡಚ್ ಹೆಂಗಸಿನದು. ಅವಳಿಗೆ ಬರೆದೆ. ಸಂಜೆಗೆ ಉತ್ತರ ಬಂತು: ದೋಷ ಮತ್ತೆ ಬರುವ ಹಾಗೆ ಮಾಡಿ ತೋರಿಸು.

"ಮರಿಯವ್ವ ಏನಂದ್ಲು?" ಎಂದು ಅಪ್ಪ ಕೇಳಿದ.

"ಫಕೀರವ್ವ ಅಂದದ್ದನ್ನ."

ಮೇ 14

ಮನೆಯಲ್ಲಿ ಎರಡು ದಿನ ಓಡಿಸಿದೆ. ದೋಷ ಬರಲೇ ಇಲ್ಲ. ಗೋಡೆ ಸತ್ಯವನ್ನೇ ಹೇಳುತ್ತಿದೆ.

ಕುಂದಗೋಳದಿಂದ ಒಬ್ಬರು ಫೋನು ಮಾಡಿ ದನಿ ತಗ್ಗಿಸಿ ಕೇಳಿದರು: "ನಿಮ್ಮ ಗ್ವಾಡಿ ಮ್ಯಾಲ ಹುಡುಗನ ಮಾರಿ ಬದಲಾಗತೈತೆಂತಲ್ರಿ? ನಮ್ಮಾಂವಗ ತಲ್ಯಾಗ ಕೂದಲಾ ಸ್ವಲ್ಪ ಕಮ್ಮಿ ಅದಾವ." ಅಂಥದ್ದು ನಮ್ಮಲ್ಲಿಲ್ಲ ಎಂದು ಇಟ್ಟೆ. ಬೇರೆ ಫೋನು ಒಂದೂ ಬರಲಿಲ್ಲ. ಮೊದಲು ತಮ್ಮ ಮದುವೆಗೆ ಗೋಡೆ ಹೇಳಿದ್ದವರೂ ಸುಮ್ಮನಾಗಿದ್ದಾರೆ. ಅಪ್ಪ ಗಾಡಿಯನ್ನು ಎರಡು ಸಲ ತೊಳೆದ.

ಮೇ 15

ಗೊತ್ತಾಯಿತು. ಮನೆಯಲ್ಲಿ ಇಲ್ಲದ್ದು ಅಕ್ಕಿ.

ಅಕ್ಕಿಕಾಳು ಗಾಳಿಯಲ್ಲಿ ಹಾರುವಾಗ ಚಿತ್ರದ ಒಂದೊಂದು ಚುಕ್ಕೆಯೂ ಪ್ರತಿ ಗಳಿಗೆ ಬದಲಾಗುತ್ತದೆ. ಹಳೆಯ ಕಾರ್ಡಿಗೆ ಏದುಸಿರು ಬಂದು ಬರೆಯುವುದು ತಡವಾಗುತ್ತದೆ. ಜೊತೆಗೆ ಭವನದೊಳಗಿನಂಥ ಮಧ್ಯಾಹ್ನದ ಕಾವು ಬೇಕು, ಜನರೇಟರ್ ಬೇಕು, ಎದುರುಬದುರು ಕೂಡ್ರುವ ಅದೇ ಇಬ್ಬರು ಬೇಕು. ಅಂದರೆ ಮದುವೆ ಬೇಕು. ಮರಿಕೆಗೂ ಹಾಗೇ ಬರೆದೆ. ಇಡೀ ಮದುವೆ ಯಾಕೆ, ಅದಕ್ಕಿಂತ ಚಿಕ್ಕದಾಗಿ ಮಾಡಲು ಬರುವುದಿಲ್ಲವೇ ಎಂದು ಕೇಳಿದ್ದಾಳೆ. ನಮ್ಮ ಕಡೆ ಬರುವುದಿಲ್ಲ.

ಮೇ 17

ಫಕೀರವ್ವನ ಅಂಗಳದಲ್ಲಿ ಮದುವೆ ಮಾಡಿದೆವು. ಪಕ್ಕದ ಮನೆಯ ರಜಿಯಾಬಿ ಓಣಿಯ ಹೆಂಗಸರನ್ನೆಲ್ಲ ಕರೆತಂದು ಸಾಲಾಗಿ ನಿಲ್ಲಿಸಿ, ಅಕ್ಕಿಯನ್ನು ಮೇಲಕ್ಕೆ ಒಗೆಯಬೇಕೋ ಮುಂದಕ್ಕೋ ಎಂದು ನನ್ನನ್ನು ಕೇಳಿದರು. ಈವರೆಗೆ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಬೀರಲಿಂಗ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಹೆಂಡತಿಯ ಪಕ್ಕ ಕೂಡ್ರಲು ಅವನಿಗೆ ಸಿಗುವುದು ಅದೊಂದೇ ಹೊತ್ತು. ಮೈಲಾರಿ ಎದುರಿಗೆ ಕುಳಿತ. ಅಪ್ಪ ಮೊಬೈಲಿನಲ್ಲಿ ವಾಲಗ ಹಚ್ಚಿದ. ಅಕ್ಕಿ ಬಿತ್ತು.

ದೋಷ ಬರಲಿಲ್ಲ. ಕೋಳಿಗಳು ಬಂದವು.

ಅಕ್ಕಿಯನ್ನು ಹಾಳು ಮಾಡಲು ಫಕೀರವ್ವ ಒಪ್ಪಲಿಲ್ಲ. ಬಳಿದು, ಕೇರಿ, ತೊಳೆದು ಅನ್ನ ಮಾಡಿದರು. ಅರಿಷಿಣ ಮೊದಲೇ ಹತ್ತಿತ್ತು, ಒಗ್ಗರಣೆ ಹಾಕಿದ್ದೇ ಚಿತ್ರಾನ್ನ. ಎಲ್ಲರಿಗೂ ಬಡಿಸಿದರು. ಮೈಲಾರಿಗೆ ಒಳಗೆ, ಬೀರಲಿಂಗನಿಗೆ ಕಟ್ಟೆಯ ಮೇಲೆ.

ಮೇ 18

ಇವತ್ತು ಮೂರನೆಯ ಮುಷ್ಟಿ ಅಕ್ಕಿಗೆ ದೋಷ ಬಂತು. ಕಣ್ಣು ಪಿಳುಕಿಸುವಷ್ಟು ಹೊತ್ತು. ಎಲ್ಲರೂ ಕೂಗಿದರು. ಫಕೀರವ್ವ ಒಳಗೆ ಒಗ್ಗರಣೆ ಹಾಕುತ್ತಿದ್ದರು. ಸೌಟು ಹಿಡಿದೇ ಹೊರಗೆ ಬಂದು, "ನಾ ನೋಡಿಲ್ಲ," ಎಂದರು.

ಮೇ 20

ಮರಿಕೆ ಹೇಳುತ್ತಾಳೆ: ಒಂದು ಕಾಲದಲ್ಲಿ ಈ ಬೇಲಿ ಸರಿ ಇತ್ತು. ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಹುಡುಕು. ಹಳೆಯ ಡ್ರೈವರ್ ಹಾಕಿ ನೋಡು, ಆಮೇಲೆ ಹೊಸದು, ಆಮೇಲೆ ನಡುವಿನದು, ಹೀಗೆ ಅರ್ಧರ್ಧ ಮಾಡುತ್ತ ಹೋಗು. ಪ್ರತಿಯೊಂದಕ್ಕೂ ಒಂದು ಪರೀಕ್ಷೆ. ಅಂದರೆ ಒಂದು ಮದುವೆ.

ಬೆಳಿಗ್ಗೆ ಎರಡು ಮದುವೆ, ಮಧ್ಯಾಹ್ನ ಎರಡು. ನಡುನಡುವೆ ಡ್ರೈವರ್ ಬದಲಿಸಬೇಕಾದಾಗ ಮೈಲಾರಿ ನನ್ನ ಹಿಂದೆ ಬಂದು ನಿಂತು ನೋಡುತ್ತಾನೆ. ಸುಗ್ಗಿಯಲ್ಲಿ ಅವನು ಊರೂರಿಗೆ ಗೋವಿನಜೋಳದ ಕಾಳು ಬಿಡಿಸುವ ಮಶೀನು ಓಡಿಸುತ್ತಾನೆ. ಈಗ ಕೆಲಸವಿಲ್ಲ, ಹೋಳಿಗೆ ಮಾತ್ರ.

"ಬೇಲಿ ಅಂದ್ರ ಎಲ್ಲಿ ಇರ್ತೈತ್ರಿ ಮೇಡಂ? ತೋರಿಸ್ರಿ," ಎಂದ.

ತೋರಿಸುವಂಥದ್ದಲ್ಲ ಎಂದೆ. ಒಪ್ಪಲಿಲ್ಲ. ಬರೆಯುವವನು ಯಾರು, ತೋರಿಸುವವನು ಯಾರು, ಒಬ್ಬನ ಕೆಲಸ ಮುಗಿದದ್ದು ಇನ್ನೊಬ್ಬನಿಗೆ ಹೇಗೆ ತಿಳಿಯುತ್ತದೆ ಎಂದು ಬಿಡದೆ ಕೇಳಿದ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದೇ ಹೇಳುತ್ತಾನೆ. ಪಾಲಿಟೆಕ್ನಿಕ್ಕಿನಲ್ಲಿ ನನ್ನ ಸಂಗಡ ಓದಿದ ಒಬ್ಬರೂ ಹಾಗೆ ಹೇಳಿದ್ದು ಕೇಳಿಲ್ಲ. ಕೊನೆಗೆ ಅರ್ಥವಾದಾಗ ಹೋಗಿ ಬೀರಲಿಂಗನಿಗೆ ಹೇಳಿದ. ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಮೊದಲಿನಿಂದ ಹೇಳಿದ.

ಮೈಲಾರಿ ತನ್ನ ಪಾಲಿನ ಹೋಳಿಗೆಯಲ್ಲಿ ಒಂದನ್ನು ಎಲೆಯಲ್ಲಿ ಸುತ್ತಿ ಹಿಂಬಾಗಿಲಿನಿಂದ ಬೀರಲಿಂಗನಿಗೆ ದಿನವೂ ಕೊಡುತ್ತಾನೆ. ನಾನು ನೋಡಿದ್ದು ಅವನಿಗೆ ಗೊತ್ತಿಲ್ಲ.

ಮೇ 22

ಸವಿತಾ ಕೂಡ್ರುವುದಿಲ್ಲ ಎಂದಳು. ಪಡಸಾಲೆಯ ಕಂಬಕ್ಕೆ ಒರಗಿ ಅತ್ತಳು. "ದಿನಾ ಮದುವಿ, ಒಂದಿನಾನೂ ಸಂಸಾರಿಲ್ಲ."

ನನಗೆ ಆಗ ಮೊದಲ ಸಲ ಹೊಳೆಯಿತು, ಈ ಹುಡುಗಿ ಗಂಡನ ಮನೆಗೆ ಇನ್ನೂ ಹೋಗಿಲ್ಲ. ಇಷ್ಟು ದಿನ ಅವಳನ್ನು ಚಿತ್ರದ ಎಡಭಾಗ ಎಂದಷ್ಟೇ ಲೆಕ್ಕ ಹಿಡಿದಿದ್ದೆ.

ಅವಳ ಜಾಗದಲ್ಲಿ ಯಾರಾದರೂ ಕೂಡ್ರಲೇಬೇಕಿತ್ತು. ರಜಿಯಾಬಿ ನನ್ನ ತಲೆಗೆ ಮದುಮಗಳ ಹೂವಿನ ದಂಡೆ ಕಟ್ಟಿದರು. ಬೀರಲಿಂಗ ಮೊಳದಷ್ಟು ದೂರ ಸರಿದು ಕುಳಿತ. ಬಟನ್ ಅಪ್ಪನ ಕೈಗೆ ಕೊಟ್ಟೆ. ಅಕ್ಕಿ ಬಿತ್ತು. ತಲೆ ತಗ್ಗಿಸಿದರೆ ನಿಜಕ್ಕೂ ಏನೂ ಕಾಣುವುದಿಲ್ಲ, ಫಕೀರವ್ವ ಹೇಳಿದ್ದು ಸರಿ.

ಮಂದಿ ಕೂಗಿದಾಗ ತಲೆ ಎತ್ತಿದೆ. ಗೋಡೆಯ ಮೇಲೆ ನನ್ನ ಪಕ್ಕದಲ್ಲಿ ಮೈಲಾರಿ. ಚಿತ್ರ ನಿಂತಿತ್ತು, ಅಲುಗಲಿಲ್ಲ. ಫಕೀರವ್ವನೂ ಅಂಗಳದಲ್ಲೇ ಇದ್ದರು, ಕಣ್ಣಾರೆ ನೋಡಿದರು.

"ನೋಡಿದ್ರೇನ್ರಿ ಆಯಿ? ಸುಳ್ಳ ಹೇಳ್ತು," ಎಂದೆ.

"ನೋಡಿದ್ನೆಲ್ಲ. ನನ್ನ ಮೊಮ್ಮಗಳ ಗಂಡನ್ನ ಕಸಗೊಂಡಿ," ಎಂದರು.

ಚಿತ್ರವನ್ನು ಉಳಿಸಿಕೊಂಡಿದ್ದೇನೆ. ವರದಿಗೆ.

ಮೇ 23

ಚಿತ್ರ ನೋಡಿ ಮರಿಕೆ ಮದುವೆಯ ಶುಭಾಶಯ ಕಳಿಸಿದ್ದಾಳೆ. ಅದೇ ದೋಷ ಎಂದು ಉತ್ತರಿಸಿದೆ.

ಮೇ 24

ಅಪ್ಪ ಕಲಘಟಗಿ ಬಸ್ಸಿನಿಂದ ಇಳಿದವನೇ ನೀರು ಕೇಳಿದ. ಪಕ್ಕದಲ್ಲಿ ಕುಳಿತ ಅಪರಿಚಿತರೊಬ್ಬರು, ಮಗಳನ್ನು ಎರಡನೆಯ ಸಂಬಂಧಕ್ಕೆ ಕೊಡುವಂಥ ಕಷ್ಟ ಏನಿತ್ತು ಎಂದು ಸಮಾಧಾನ ಹೇಳಿದರಂತೆ.

ಫಕೀರವ್ವ ಹೇಳಿ ಕಳಿಸಿದ್ದಾರೆ: ಗೋಡೆಯ ಮೇಲೆ ಕಟ್ಟಿದ್ದನ್ನು ಗೋಡೆಯ ಮೇಲೇ ಬಿಡಿಸಬೇಕು. ಸವಿತಾಳನ್ನು ಕೂಡಿಸಿ ಮತ್ತೆ ಮದುವೆ ಮಾಡಿ, ಮೈಲಾರಿ ಅವಳ ಪಕ್ಕಕ್ಕೆ ಮರಳಿ ಬರಬೇಕು.

ಮೈಲಾರಿ ಫೋನು ಮಾಡಿದ. "ಮಂದಿ ಮಾತಿಗೆ ಬ್ಯಾಸರ ಮಾಡಕೋಬ್ಯಾಡ್ರಿ," ಎಂದ. ಇಲ್ಲ ಎಂದೆ. ಆಮೇಲೆ ಯಾವ ಬದಲಾವಣೆಯವರೆಗೆ ಬಂದೆವು ಎಂದು ಕೇಳಿದ. ಹೇಳಿದೆ. ಉಳಿದವು ಎರಡೇ ಎಂದು ಲೆಕ್ಕ ಹಾಕಿ ಅವನೇ ಹೇಳಿದ. ಸುಮಾರು ಹೊತ್ತು ಮಾತಾಡಿದೆವು, ಎಲ್ಲ ಡ್ರೈವರಿನ ವಿಷಯವೇ. ಅವನ ತಂಬೂರದ ಮನೆಯ ಹಿಂದೆ ನೀರಲ ಗಿಡವಿದೆ, ಈ ವರ್ಷ ಬಹಳ ಕಾಯಿ ಹಿಡಿದಿದೆ.

ಮೇ 26

ಇದನ್ನು ಪೂರ್ತಿ ಬರೆಯಬೇಕು.

ಸುದ್ದಿ ಹಬ್ಬಿ ಅಂಗಳದಲ್ಲಿ ಹಿಡಿಸಲಾರದಷ್ಟು ಮಂದಿ. ಮೋಡ ಕವಿದು ಅಗದಿ ಸೆಕೆ. ಸವಿತಾ ಕುಳಿತಳು, ಪಕ್ಕದಲ್ಲಿ ಬೀರಲಿಂಗ, ಎದುರಿಗೆ ಮೈಲಾರಿ. ನಾನು ಕಂಪ್ಯೂಟರಿನ ಮುಂದೆ. ರಜಿಯಾಬಿ ಕೈ ಎತ್ತಿದರು, ಅಕ್ಕಿ ಹಾರಿತು.

ಮೈಲಾರಿ ಸುಮ್ಮನೆ ಕುಳಿತಿರಬೇಕಿತ್ತು. ಅವನು ಎದ್ದು ನಿಂತ. "ಆಯಿ, ಸಾಕ ಮಾಡ್ರಿ. ನಾ ನಿಮ್ಮ ಅಳ್ಯಾ ಅಲ್ಲ. ಬೀರಲಿಂಗ ಹದಿನೈದ ದಿನಾ ಆತು ಕಟ್ಟಿ ಮ್ಯಾಲ ಉಣ್ಣಾಕತ್ತಾನ, ಒಂದ ಮಾತ ಅಂದಿಲ್ಲ ನಿಮಗ," ಎಂದ. ಅವನ ದನಿ ಏರಿದ್ದು ನಾನು ಕೇಳಿದ್ದು ಅದೇ ಮೊದಲು.

"ಕುಂದ್ರಲೇ ಕೆಳಗ," ಎಂದು ಫಕೀರವ್ವ ಅವನ ರಟ್ಟೆ ಹಿಡಿದು ಕೂಡಿಸಲು ಬಂದರು. ಎರಡನೇ ಕ್ಯಾಮೆರಾದ ಮುಂದೆ ಈಗ ಅವರೇ. ಅಕ್ಕಿ ಬೀಳುತ್ತಲೇ ಇತ್ತು. ಗೋಡೆ ನಿಂತಿತು.

ಗೋಡೆಯ ಮೇಲೆ ಬೀರಲಿಂಗನ ಮೈ, ಕೊರಳಲ್ಲಿ ಮದುಮಗನ ಹಾರ, ಅದರ ಮೇಲೆ ಫಕೀರವ್ವನ ಮುಖ, ತಲೆಯ ಮೇಲೆ ಸೆರಗು. ಪಕ್ಕದಲ್ಲಿ ತಲೆ ತಗ್ಗಿಸಿದ ಸವಿತಾ.

ಅಪ್ಪ ಮೊಬೈಲಿನ ವಾಲಗ ನಿಲ್ಲಿಸಿದ. ರಜಿಯಾಬಿ ಮೆಲ್ಲಗೆ, "ಫಕೀರವ್ವಾ, ಇನ್ನ ಹೋಳಗಿ ಯಾರಿಗೆ ಮಾಡೂಣು?" ಎಂದರು.

ಫಕೀರವ್ವ ಗೋಡೆಯ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು. ತಮ್ಮ ಕೆನ್ನೆ ಮುಟ್ಟಿಕೊಂಡರು, ಗೋಡೆಯ ಕೆನ್ನೆಯನ್ನೂ ಮುಟ್ಟಿದರು. ತಿರುಗಿ ಸವಿತಾ ಕುಳಿತ ಜಾಗ ನೋಡಿದರು.

"ನಾ ಇಲ್ಲಿ ನಿಂತೀನಿ," ಎಂದರು. "ಅಲ್ಲಿ ಕುಂತಿಲ್ಲ."

"ಇಲ್ರಿ ಆಯಿ," ಎಂದೆ.

"ಹಂಗಾರ ಅವತ್ತ ಇಂವ ಅಲ್ಲಿ ಕುಂತಿದ್ದಿಲ್ಲ."

"ಇಲ್ರಿ."

ಅವರು ಕಟ್ಟೆಯ ಮೇಲೆ ಕುಳಿತರು, ಇಷ್ಟು ದಿನ ಬೀರಲಿಂಗ ಕುಳಿತ ಜಾಗದಲ್ಲೇ. ಕೈಯಿಂದ ಕಲ್ಲು ಸವರಿದರು. ಬೆಳಗಿನ ಬಿಸಿಲಿಗೆ ಕಾದದ್ದು ಇನ್ನೂ ಆರಿರಲಿಕ್ಕಿಲ್ಲ. "ಈ ಕಲ್ಲಿನ ಮ್ಯಾಲ ಕುಂದ್ರಿಸಿದ್ನೆಲ್ಲೋ ಯಪ್ಪಾ ನಿನ್ನ," ಎಂದು ಬೀರಲಿಂಗನ ಕೈ ಹಿಡಿದುಕೊಂಡರು. ಒಳಗೆ ಕರೆದೊಯ್ದು ಕಾಲಿಗೆ ನೀರು ಕೊಟ್ಟು, ಮಣೆ ಹಾಕಿದರು. ಬೀರಲಿಂಗ ಉಂಡ. ಅವನು ಉಣ್ಣುವುದನ್ನೇ ಎಲ್ಲರೂ ನೋಡಿದೆವು.

ಸಂಜೆ ಸವಿತಾ ಅವನ ಬೈಕಿನ ಹಿಂದೆ ಕುಳಿತು ತಂಬೂರಕ್ಕೆ ಹೋದಳು. ಹೋಗುವಾಗ ತಿರುಗಿ ನೋಡಲಿಲ್ಲ, ಅಷ್ಟು ಆತುರ.

ದೋಷ ತಂದ ಬದಲಾವಣೆ ಸಿಕ್ಕಿತು ಎಂದು ಬರೆಯುವುದೇ ಮರೆತೆ. ಸಿಕ್ಕಿತು.

ಜೂನ್ 3

ಮಳೆ ಹಿಡಿದಿದೆ. ಒಮ್ಮೆ ಬಳಸಿದ ಬಫರನ್ನು ಮತ್ತೆ ಬಳಸಿ ಇನ್ನೊಂದು ಪ್ರೋಗ್ರಾಮಿನ ಜೊತೆ ಹಂಚಿಕೊಂಡಾಗ ಬೇಲಿ ಹಾಕುವ ಸಾಲುಗಳು ಬಿಟ್ಟುಹೋಗಿದ್ದವು. ಸೇರಿಸಿದೆ. ನಾಲ್ಕು ಸಾಲಿನ ತಿದ್ದುಪಡಿ.

ಪರೀಕ್ಷೆಗೆ ಮೈಲಾರಿ ಮಿಶ್ರಿಕೋಟಿಗೇ ಬಂದ. ನೀರಲ ಹಣ್ಣು ತಂದಿದ್ದ. ಅವನನ್ನು ಒಂದು ಕ್ಯಾಮೆರಾದ ಮುಂದೆ, ಅಪ್ಪನನ್ನು ಇನ್ನೊಂದರ ಮುಂದೆ ಕೂಡಿಸಿ ಅಕ್ಕಿ ಹಾರಿಸಿದೆ. ದೋಷವಿಲ್ಲ.

ಜೂನ್ 6

ಮೈಲಾರಿ ಬಂದಿದ್ದ. ದೋಷವಿಲ್ಲ.

ಜೂನ್ 9

ಮೈಲಾರಿ. ದೋಷವಿಲ್ಲ.

ಜೂನ್ 15

ಫಕೀರವ್ವ ಬಸ್ಸಿನಲ್ಲಿ ಬಂದರು. ಮೈಲಾರಿಗೆ ಹುಡುಗಿ ನೋಡುತ್ತಿದ್ದಾರೆ. ಅಷ್ಟು ದಿನ ಅಳಿಯನೆಂದು ಉಣಿಸಿ ಈಗ ಹಾಗೇ ಬಿಟ್ಟರೆ ಮನಸ್ಸು ಒಪ್ಪುವುದಿಲ್ಲವಂತೆ. ಮೂರು ಫೋಟೋ ತಂದಿದ್ದರು. ಸಣ್ಣದರಲ್ಲಿ ಕಾಣುವುದಿಲ್ಲ, ಗೋಡೆಯ ಮೇಲೆ ಹಾಕು ಎಂದರು. ಹಾಕಿದೆ.

ಮೊದಲನೆಯವಳ ಹುಬ್ಬು ಸರಿ ಇಲ್ಲ. ಎರಡನೆಯವಳಿಗೆ ತಾಳ್ಮೆ ಕಡಿಮೆ, ಫೋಟೋದಲ್ಲೇ ತಿಳಿಯುತ್ತದೆ. ಮೂರನೆಯವಳಲ್ಲಿ ಕೊರತೆ ಎಂದು ಹೆಸರಿಡುವಂಥದ್ದು ಏನೂ ಇಲ್ಲ, ಅದೇ ಸರಿ ಅನ್ನಿಸಲಿಲ್ಲ. ಕೇಳಿದ್ದಕ್ಕೆ ಹೇಳಿದೆ ಅಷ್ಟೇ.

"ಮತ್ತ ಹೆಂಥಾಕಿ ಬೇಕವಗ?" ಎಂದರು.

ಅವನು ಕೇಳಿದ್ದಕ್ಕೆ ಸಿಟ್ಟಿಗೇಳದೆ ಮೊದಲಿನಿಂದ ಬಿಡಿಸಿ ಹೇಳುವವಳು ಬೇಕು. ಬಡಿಸಿದ್ದನ್ನೆಲ್ಲ ಮುಲಾಜಿಗೆ ತಿನ್ನುತ್ತಾನೆ, ಎರಡಕ್ಕಿಂತ ಹೆಚ್ಚು ಹೋಳಿಗೆ ಹಾಕದವಳು ಬೇಕು. ತನ್ನ ಪಾಲಿನದನ್ನು ಕದ್ದು ಇನ್ನೊಬ್ಬರಿಗೆ ಕೊಡುವಾಗ ನೋಡಿಯೂ ನೋಡದ ಹಾಗೆ ಇರುವವಳು ಬೇಕು. ಹೀಗೆ ಇನ್ನೂ ಸ್ವಲ್ಪ ಹೇಳಿದೆ. ಫಕೀರವ್ವ "ಹೂಂ" ಎಂದು ಚೀಲ ಹಿಡಿದು ಎದ್ದರು. ಫೋಟೋ ಇಲ್ಲೇ ಬಿಟ್ಟು ಹೋಗಿದ್ದಾರೆ.

ಜೂನ್ 19

ಮರಿಕೆ ತಿದ್ದುಪಡಿಯನ್ನು ಒಪ್ಪಿ ಸೇರಿಸಿದ್ದಾಳೆ. ಕುಂದಗೋಳದವರಿಗೆ ಹೇಳಬೇಕು, ಇನ್ನು ಹುಡುಗ ಇದ್ದ ಹಾಗೇ ಕಾಣುತ್ತಾನೆ.

ಮೈಲಾರಿಗೆ ಫೋನು ಮಾಡಿ ಹೇಳಿದೆ. "ಹಂಗಾರ ಇನ್ನ ಪರೀಕ್ಷಾ ಇಲ್ಲೇನ ಅನ್ನಪೂರ್ಣಾ?" ಎಂದ, ಮೇಡಂ ಬಿಟ್ಟು ನನ್ನ ಹೆಸರು ಹಿಡಿದು. ಇಲ್ಲ ಎಂದೆ.

ಸಂಜೆ ತಲೆನೋವು. ಊಟ ಬೇಡವಾಯಿತು.

ಜೂನ್ 22

ಮಧ್ಯಾಹ್ನ ಮಳೆ ಹೊಳವಾದಾಗ ಫಕೀರವ್ವ, ಸವಿತಾ, ಬೀರಲಿಂಗ, ಮೈಲಾರಿ, ಅವನ ತಾಯಿ ಎಲ್ಲರೂ ಒಂದೇ ಟಂಟಂ ಆಟೋದಲ್ಲಿ ಬಂದಿಳಿದರು. ತೆಂಗಿನಕಾಯಿ, ಸೀರೆ ತಂದಿದ್ದರು. ಅಪ್ಪ ಚಾಪೆ ಹಾಸಿದ, ನಾನು ಚಹಾ ಕೊಟ್ಟೆ.

"ಶ್ರಾವಣದಾಗ ಯಾವತ್ತ ಖಾಲಿ ಐತವ್ವಾ?" ಎಂದು ಫಕೀರವ್ವ ಕೇಳಿದರು.

ಯಾವತ್ತಾದರೂ ಆದೀತು, ಒಂದೂ ಮದುವೆ ಒಪ್ಪಿಕೊಂಡಿಲ್ಲ ಎಂದೆ. ಯಾರ ಹೆಸರು ಬರೆದುಕೊಳ್ಳಲಿ ಎಂದೆ. ಅಪ್ಪ ಸೂರು ನೋಡಿದ. ಮೈಲಾರಿ ಚಹಾದ ಲೋಟದೊಳಗೆ ನೋಡಿದ.

"ಮೈಲಾರೀದು," ಎಂದರು ಫಕೀರವ್ವ.

ಬರೆದುಕೊಂಡೆ. ಹೆಸರನ್ನು ಎರಡು ಸಲ ಬರೆದಿದ್ದೆ, ಒಂದನ್ನು ಹೊಡೆದು ಹಾಕಿದೆ. ಗೋಡೆ ಎಷ್ಟು ದೊಡ್ಡದು ಬೇಕು ಎಂದು ಕೇಳಿದೆ.

"ಗ್ವಾಡಿ ಬ್ಯಾಡ. ಈ ಸಲಾ ನಾ ಮುಂದ ಕುಂತ ನೋಡ್ತೀನಿ."

"ಗ್ವಾಡಿ ಇಲ್ಲಂದ್ರ ನಾ ಯಾಕ ಬರ್ಲಿ ಆಯಿ?" ಎಂದೆ.

ಎಲ್ಲರೂ ನಕ್ಕರು. ಸವಿತಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮೈಲಾರಿ ಮಾತ್ರ ನಗಲಿಲ್ಲ, ಮೊದಲ ಸಲ ಗಂಭೀರವಾಗಿ ನನ್ನ ಕಡೆ ನೋಡಿದ. ನನಗೆ ಏನೂ ತಿಳಿಯದೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಲೋಟ ತೊಳೆಯುವಾಗ ತಿಳಿಯಿತು, ಆ ಸೀರೆ ಯಾರಿಗೆಂದು.

ನಲ್ಲಿ ನಿಲ್ಲಿಸದೆ ಹಾಗೇ ಹೊರಗೆ ಬಂದೆ. ಉಳಿದವರು ಟಂಟಂ ಹತ್ತಿ ಕುಳಿತಿದ್ದರು. ಮೈಲಾರಿ ಇನ್ನೂ ಹತ್ತದೆ ನಮ್ಮ ಬಾಗಿಲ ಕಡೆಗೇ ನೋಡುತ್ತ ನಿಂತಿದ್ದ.